ಕೇಳಿದರೆ ಸಾಲದು, ಜೊತೆಗೆ ಹೋಗಬೇಕು

ಇಂಗ್ಲೆಂಡಿನ ನಾರ್ವಿಚ್ ಸಿಟಿ ಫುಟ್‌ಬಾಲ್ ಕ್ಲಬ್ 2023ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆಂದು ಒಂದು ಕಿರುಚಿತ್ರ ಬಿಡುಗಡೆ ಮಾಡಿತು. ಎರಡು ನಿಮಿಷ ಚಿಲ್ಲರೆಯ ಚಿತ್ರ. ಗ್ಯಾಲರಿಯಲ್ಲಿ ಇಬ್ಬರು ಗಂಡಸರು ಅಕ್ಕಪಕ್ಕ ಕೂತಿದ್ದಾರೆ. ಪಂದ್ಯದಿಂದ ಪಂದ್ಯಕ್ಕೆ ಅದೇ ಕುರ್ಚಿ, ಅದೇ ಇಬ್ಬರು. ಒಬ್ಬ ಮಾತುಗಾರ, ಉತ್ಸಾಹಿ. ಪಕ್ಕದವನನ್ನು ಹುರಿದುಂಬಿಸುವುದೇ ಅವನ ಕೆಲಸ. ಇನ್ನೊಬ್ಬ ಸಪ್ಪೆ ಮುಖದವನು. ನೋಡುವವರ ಕಣ್ಣೆಲ್ಲ ಈ ಸಪ್ಪೆ ಮುಖದವನ ಮೇಲೆಯೇ ನೆಟ್ಟಿರುತ್ತದೆ. ಕೊನೆಗೊಂದು ದಿನ ಅವನು ಒಬ್ಬನೇ ಬಂದು ಕೂರುತ್ತಾನೆ. ಪಕ್ಕದ ಖಾಲಿ ಕುರ್ಚಿಯ ಮೇಲೆ ಕ್ಲಬ್ಬಿನ ಶಾಲು. ಹೋದವನು ನಗುತ್ತಿದ್ದವನು. ಜೊತೆಗಿರುವವರನ್ನು ಆಗಾಗ ವಿಚಾರಿಸಿಕೊಳ್ಳಿ ಎಂಬರ್ಥದ ಒಂದು ಸಾಲಿನೊಂದಿಗೆ ಚಿತ್ರ ಮುಗಿಯುತ್ತದೆ.

ಜಾಗೃತಿ ಚಿತ್ರಗಳ ರಾಶಿಯಲ್ಲಿ ಇದು ಎದ್ದು ಕಾಣುವುದಕ್ಕೆ ಕಾರಣವಿದೆ. ಬಿಳಿ ಕೋಟಿನ ವೈದ್ಯರಿಲ್ಲ, ಅಂಕಿಅಂಶಗಳಿಲ್ಲ, ಉಪದೇಶವಿಲ್ಲ. ಖಿನ್ನತೆ ಎಂದರೆ ಬಾಡಿದ ಮುಖ ಎಂಬ ನಮ್ಮ ಎಣಿಕೆಯನ್ನು ಬಳಸಿಕೊಂಡೇ ಚಿತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ. ಗಂಡಸರ ಗೆಳೆತನದ ಒಂದು ಗುಟ್ಟೂ ಅದಕ್ಕೆ ಗೊತ್ತು: ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ಅವರು ಮೈದಾನದ ಕಡೆ ನೋಡುತ್ತ ಹೇಳಿಬಿಡುತ್ತಾರೆ. ಕಲೆಯಾಗಿ ಇದಕ್ಕೆ ಪೂರ್ತಿ ಅಂಕ ಕೊಡಬಹುದು.

ನನ್ನ ತಕರಾರು ಇರುವುದು ಚಿತ್ರ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ವಿಚಾರಿಸಿ ಎನ್ನುತ್ತದೆ, ಸರಿ. ವಿಚಾರಿಸಿದ ಮೇಲೆ? ಮನೆಯ ಹತ್ತಿರವೇ ಒಬ್ಬ ವೈದ್ಯ, ಅವನ ಹಿಂದೆ ಸರಕಾರದ ಆರೋಗ್ಯ ವ್ಯವಸ್ಥೆ ಇರುವ ದೇಶದಲ್ಲಿ ಆ ಪ್ರಶ್ನೆಯನ್ನು ನೋಡುಗನಿಗೇ ಬಿಡಬಹುದೇನೋ. ಅದೇ ಚಿತ್ರವನ್ನು ಬೆಳಗಾವಿಯ ಕ್ಯಾಂಪ್ ಪ್ರದೇಶಕ್ಕೋ ಖಾನಾಪುರಕ್ಕೋ ತಂದು ನೋಡಿದರೆ, ಕಥೆ ಶುರುವಾಗಬೇಕಾದ ಜಾಗದಲ್ಲೇ ಪರದೆ ಬೀಳುತ್ತದೆ.

ಇಲ್ಲಿಗೆ ತಂದು ನೋಡುವುದಕ್ಕೆ ಅರ್ಥವಿದೆ. ಕ್ರಿಕೆಟ್ಟಿನ ಕರ್ನಾಟಕದಲ್ಲಿ ಬೆಳಗಾವಿ ಫುಟ್‌ಬಾಲಿಗೆ ಒಲಿದ ಊರು. 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಹೈಸ್ಕೂಲಿನ ಮೈದಾನ, ಅಲ್ಲಿನ ಫಾದರ್ ಎಡ್ಡಿ ಸ್ಮಾರಕ ಟೂರ್ನಿ, ಮರಾಠಾ ಲೈಟ್ ಇನ್ಫೆಂಟ್ರಿಯ ಕೇಂದ್ರ, ಗೋವಾ ಮೂಲದ ಮನೆತನಗಳು ಎಲ್ಲ ಸೇರಿ ಬೆಳೆಸಿದ ಆಟ ಇದು. ಬೆಂಗಳೂರು ಇಲ್ಲಿಂದ ಐನೂರು ಕಿಲೋಮೀಟರು. ಮಡಗಾಂವ್ ಘಟ್ಟ ಇಳಿದರೆ ಬಂತು. ಹಾಗಾಗಿ 2019ರ ಮಾರ್ಚ್ 17ರಂದು ಮುಂಬೈನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ಐಎಸ್‌ಎಲ್ ಫೈನಲ್ ಆಡಿದಾಗ ಈ ಊರಿನ ನಿಷ್ಠೆ ಎರಡೂ ಕಡೆಗಿತ್ತು. ಹೆಚ್ಚುವರಿ ಆಟದ ಕೊನೆಯಲ್ಲಿ, 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಒಂದು ಮನೆಗೆ ಹಬ್ಬ, ಪಕ್ಕದ ಮನೆಗೆ ಸೂತಕ. ಗೋವಾಕ್ಕೆ ಅದು ಎರಡನೇ ಫೈನಲ್ ಸೋಲು. ಹಾಗೆಂದು ಆ ಕಿತ್ತಳೆ ಜೆರ್ಸಿಯವರು ತಂಡ ಬಿಡಲಿಲ್ಲ. ಸೋತ ವಾರದ ಮರುವಾರ ಮತ್ತೆ ಬಂದು ಕೂರುವುದೇ ಅಭಿಮಾನಿಯ ಲಕ್ಷಣ.

ಈಗ ಈ ಊರಿನ ಗ್ಯಾಲರಿಯಲ್ಲಿ ನಾರ್ವಿಚ್ ಚಿತ್ರದ ಪ್ರಶ್ನೆಯನ್ನು ಕೇಳಿಸೋಣ. ಖಾನಾಪುರ ತಾಲೂಕಿನ ಕಣಕುಂಬಿ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಬೆಳಗಾವಿಯ ಫೌಂಡ್ರಿಯಲ್ಲಿ ಕೆಲಸ, ಭಾನುವಾರ ಆಟ.

“ಯಾಕಲೇ, ಎರಡ್ ವಾರ ಆತು ಗ್ರೌಂಡಿಗೇ ಬರವಲ್ಲಿ?”

“ಆರಾಮಿರಲಿಲ್ಲೋ.”

“ಏನಾಗಿತ್ತು?”

“ಏನಿಲ್ಲ, ಜ್ವರ.”

ಮಾತು ಇಲ್ಲಿಗೆ ಮುಗಿಯುತ್ತದೆ. ಜ್ವರ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡವಾಗಿದೆ ಎಂದರೆ ಕೇಳಿದವನಿಗೆ ಏನು ಮಾಡಬೇಕೆಂದು ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ಹೇಳುವವನಿಗೆ ಗೊತ್ತಿದೆ. ಸುಳ್ಳಿಗೆ ಕಾರಣ ಬರೀ ನಾಚಿಕೆಯಲ್ಲ. ನಿಜ ಹೇಳಿ ಆಗುವುದೇನು ಎಂಬ ಲೆಕ್ಕಾಚಾರವೂ ಅದರಲ್ಲಿದೆ.

ಆ ಲೆಕ್ಕಾಚಾರ ತೀರಾ ತಪ್ಪೇನಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಯಿದ್ದೂ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92ರವರೆಗಿತ್ತು. ವಿಪರ್ಯಾಸವೆಂದರೆ ಈ ಕಂದಕ ಮುಚ್ಚುವ ದಾರಿಯನ್ನು ದೇಶಕ್ಕೆ ತೋರಿಸಿದ್ದೇ ಕರ್ನಾಟಕ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗದ ಮಾತ್ರೆ ಹಳ್ಳಿಯಲ್ಲೇ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಮುಂದೆ ರಾಜ್ಯ ಸರಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ತೆರೆಯಿತು: ತಜ್ಞರು ರೋಗಿ ಇದ್ದಲ್ಲಿಗೆ ಬರುತ್ತಾರೆ, ಔಷಧಿ ಪುಕ್ಕಟೆ.

ಕಲ್ಪನೆಯಾಗಿ ಇದಕ್ಕಿಂತ ಒಳ್ಳೆಯದು ಕಷ್ಟ. ಧಾರವಾಡದ ಮನೋರೋಗ ಆಸ್ಪತ್ರೆ 1845ರಷ್ಟು ಹಳೆಯದು; ಇಂದದು ಡಿಮ್ಹಾನ್ಸ್. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಅಲ್ಲಿಗೆ ಹೋಗಲಾಗದವರಿಗೆ ತಾಲೂಕಿನ ಕ್ಲಿನಿಕ್. ಆದರೆ ಖಾನಾಪುರ ವಿಸ್ತಾರದಲ್ಲಿ ರಾಜ್ಯದ ದೊಡ್ಡ ತಾಲೂಕುಗಳಲ್ಲೊಂದು, ಅರ್ಧಕ್ಕರ್ಧ ಕಾಡು. ಅಲ್ಲಿನ ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಕಟ್ಟಿಗೆಯ ಡೋಲಿ ಕಟ್ಟಿ ಹೊತ್ತು ತರಬೇಕಾದ ಸುದ್ದಿ ಓದಿದ್ದೇವೆ. ಮೈ ಸುಡುವ ರೋಗಿಯನ್ನು ಹೊರಲು ನಾಲ್ಕು ಹೆಗಲು ಸಿಗುತ್ತವೆ. ಮೂಲೆ ಹಿಡಿದು ಕೂತವನನ್ನು ಯಾರು ಹೊರುತ್ತಾರೆ?

ಕ್ಲಿನಿಕ್ಕಿನ ನಿಜವಾದ ಪರೀಕ್ಷೆ ಮೊದಲ ಭೇಟಿಯದ್ದಲ್ಲ, ಎರಡನೆಯದರದ್ದು. ಖಿನ್ನತೆಯ ಮಾತ್ರೆ ನುಂಗಿದ ಮರುದಿನ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆಯಂಥ ಅಡ್ಡಪರಿಣಾಮಗಳು ಮಾತ್ರ ಮೊದಲ ವಾರವೇ ಶುರು. ಅಂದರೆ ಗುಣಕ್ಕಿಂತ ಮೊದಲು ಕಾಟ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಬದಲಿಸಿ ಬಂದವನು ‘ಗುಳಿಗಿ ತಗೊಂಡ್ರೂ ಏನೂ ಆಗವಲ್ದು’ ಎಂದು ಮಾತ್ರೆಯ ಪಟ್ಟಿಯನ್ನು ತೊಲೆಯ ಸಂದಿಗೆ ಸಿಕ್ಕಿಸುವುದು ಈ ಹಂತದಲ್ಲೇ. ಇನ್ನು ಕೆಲವರು ಆರಾಮಾದ ಕೂಡಲೇ ನಿಲ್ಲಿಸುತ್ತಾರೆ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ಇಲ್ಲವಾದರೆ ಕಾಯಿಲೆ ಮರಳುವ ಸಂಭವ ಹೆಚ್ಚು ಎಂಬುದನ್ನು ಮೊದಲ ದಿನದ ಐದು ನಿಮಿಷದಲ್ಲಿ ಯಾರು ತಲೆಗೆ ಹಾಕಿಕೊಳ್ಳುತ್ತಾರೆ? ಕ್ಲಿನಿಕ್ಕಿನ ದಾಖಲೆ ಪುಸ್ತಕ ಬಂದವರನ್ನು ಎಣಿಸುತ್ತದೆ. ಬರದೇ ಹೋದವನ ಹೆಸರಿನ ಮುಂದೆ ಖಾಲಿ ಜಾಗ.

ಅಭಿಮಾನಿಗಳ ಗುಂಪು ಉಪಯೋಗಕ್ಕೆ ಬರುವುದು ಇಲ್ಲಿ. ಬರದೇ ಇದ್ದವನನ್ನು ಗುರುತಿಸುವ ಸಾಮರ್ಥ್ಯ ಅದಕ್ಕಿದೆ. ಫಲ ಕಾಣದಿದ್ದರೂ ಮತ್ತೆ ಮತ್ತೆ ಬರುವ ಅಭ್ಯಾಸವೂ ಇದೆ. ಆಸ್ಪತ್ರೆಗೆ ಇವೆರಡೂ ಇಲ್ಲ. ಹಾಗಂತ ಆಟವೇ ಔಷಧಿ ಎಂಬ ಭಾವುಕತೆಗೆ ಬೀಳಬಾರದು. ನಿಕ್ ಹಾರ್ನ್‌ಬಿಯ ‘ಫೀವರ್ ಪಿಚ್’ (1992) ಆರ್ಸೆನಲ್ ಅಭಿಮಾನಿಯೊಬ್ಬನ ಆತ್ಮಕಥನ. ಎಂಬತ್ತರ ದಶಕದ ಬಹುಭಾಗ ತನ್ನನ್ನು ಹಿಂಡಿದ ಖಿನ್ನತೆ, 1988ರ ಫೆಬ್ರವರಿಯಲ್ಲಿ ಎವರ್ಟನ್ ವಿರುದ್ಧದ ಸೆಮಿಫೈನಲ್ ಗೆದ್ದ ರಾತ್ರಿ ಗಂಟುಮೂಟೆ ಕಟ್ಟಲು ಶುರುಮಾಡಿತು ಎಂದು ಅದರಲ್ಲಿ ಆತ ಬರೆಯುತ್ತಾನೆ. ಓದಲು ಸೊಗಸು. ಆದರೆ ಚಿಕಿತ್ಸಕರ ಬಳಿ ಹೋಗುತ್ತಿದ್ದುದನ್ನೂ ಅದೇ ಪುಸ್ತಕ ಹೇಳುತ್ತದೆ. ಓದುಗರ ನೆನಪಿನಲ್ಲಿ ಉಳಿಯುವುದು ಮಾತ್ರ ಗೆಲುವಿನ ರಾತ್ರಿ. ಅಭಿಮಾನದ ಸಾಹಿತ್ಯದ ದೊಡ್ಡ ದೋಷ ಇದೇ: ಅದು ಗೋಲನ್ನು ಕಾಣುತ್ತದೆ, ಗುಳಿಗೆಯನ್ನು ಕಾಣುವುದಿಲ್ಲ.

ಆಟದಿಂದ ಆಗುವ ಹಾನಿಯ ಲೆಕ್ಕವನ್ನೂ ಮುಚ್ಚಿಡುವಂತಿಲ್ಲ. 2006ರ ವಿಶ್ವಕಪ್ಪಿನಲ್ಲಿ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಪ್ರದೇಶದ ಹೃದಯಸಂಬಂಧಿ ತುರ್ತು ಪ್ರಕರಣಗಳು 2.66 ಪಟ್ಟು ಏರಿದ್ದವು. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಇಂಗ್ಲೆಂಡ್ ಸೋತ ದಿನ ಮನೆಯೊಳಗಿನ ದೌರ್ಜನ್ಯದ ದೂರುಗಳು ಶೇ 38ರಷ್ಟು, ಗೆದ್ದ ಅಥವಾ ಸಮ ಮಾಡಿಕೊಂಡ ದಿನವೂ ಶೇ 26ರಷ್ಟು ಹೆಚ್ಚಿದ್ದವು. ಗಂಡಸರ ಅಭಿಮಾನದ ದಂಡವನ್ನು ಹೆಂಗಸರು ಕಟ್ಟುತ್ತಾರೆ ಎಂದರ್ಥ. ನಮ್ಮಲ್ಲಿ ಇದಕ್ಕೆ ನಿದ್ದೆಯ ಪ್ರಶ್ನೆ ಸೇರುತ್ತದೆ. ಯುರೋಪಿನ ಚಾಂಪಿಯನ್ಸ್ ಲೀಗಿನ ಹೆಚ್ಚಿನ ಪಂದ್ಯಗಳು ಚಳಿಗಾಲದಲ್ಲಿ ನಮಗೆ ಶುರುವಾಗುವುದೇ ರಾತ್ರಿ ಒಂದೂವರೆಗೆ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವನಿಗೆ ನಿದ್ದೆಗೇಡು ಉನ್ಮಾದಕ್ಕೆ ಬಾಗಿಲು ತೆಗೆದಂತೆ. “ನಿದ್ದಿ ಹೆಂಗೈತಿ?” ಎಂದು ಕೇಳುವ ವೈದ್ಯರು “ಯಾವ ತಂಡದಂವ ನೀ?” ಎಂದೂ ಕೇಳಿದರೆ ಅರ್ಧ ರೋಗಚರಿತ್ರೆ ಅಲ್ಲೇ ಸಿಕ್ಕೀತು. ಪಂದ್ಯದ ಜೊತೆಗೆ ಬರುವ ಬಾಟಲಿಯ ಬಗ್ಗೆ, ಗೋವಾ ಇಷ್ಟು ಹತ್ತಿರವಿರುವ ಊರಿನಲ್ಲಿ, ಬೇರೆ ಹೇಳಬೇಕಿಲ್ಲ.

ಇನ್ನು ಗುಟ್ಟಿನ ಮಾತು. ಹ್ಯಾನೋವರ್ ತಂಡದ ಗೋಲ್‌ಕೀಪರ್ ರಾಬರ್ಟ್ ಎಂಕೆ ಖಿನ್ನತೆಗೆ ವೈದ್ಯರ ಆರೈಕೆಯಲ್ಲೇ ಇದ್ದವನು. ಆದರೆ ಆಸ್ಪತ್ರೆಗೆ ದಾಖಲಾಗಲು ಒಪ್ಪಲಿಲ್ಲ. ವಿಷಯ ಹೊರಬಿದ್ದರೆ ವೃತ್ತಿಯೂ ಹೋದೀತು, ದತ್ತು ಮಗಳೂ ಕೈತಪ್ಪಿಯಾಳು ಎಂಬ ಭಯ. 2009ರ ನವೆಂಬರ್ 10ರಂದು ಅವನು ಜೀವ ಕಳೆದುಕೊಂಡ. ಚಿಕಿತ್ಸೆ ಇತ್ತು, ಅದನ್ನು ಬಚ್ಚಿಡಬೇಕಾದ ಒತ್ತಡವೂ ಇತ್ತು. ನಮ್ಮ ಮೈದಾನಗಳಲ್ಲಿ ಸುಲಭದ ಗೋಲು ತಪ್ಪಿಸಿದವನನ್ನು ‘ಧಾರವಾಡಕ್ಕ ಹಾಕ್ರಿ ಇವನ್ನ’ ಎಂದು ಛೇಡಿಸುವುದು ಮಾಮೂಲು. ಅಕ್ಕಪಕ್ಕದಲ್ಲೇ ಧಾರವಾಡದ ಚೀಟಿ ಜೇಬಿನಲ್ಲಿಟ್ಟುಕೊಂಡವನು ಕೂತಿರಬಹುದು. ಮರುವಾರ ಅವನಿಗೆ ಜ್ವರ ಬರುವುದರಲ್ಲಿ ಆಶ್ಚರ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗವನ್ನು ದೈಹಿಕ ರೋಗದ ಸರಿಸಮಾನವಾಗಿ ಕಾಣಬೇಕೆನ್ನುತ್ತದೆ. ವಿಮೆಗೂ ಅದು ಅನ್ವಯ. ಗ್ಯಾಲರಿಯ ಬಾಯಿಗೆ ಕಾಯ್ದೆ ಬೀಗ ಹಾಕಲಾರದು. ಆ ಕೆಲಸ ಗ್ಯಾಲರಿಯೇ ಮಾಡಿಕೊಳ್ಳಬೇಕು.

ಗಡಿಭಾಗಕ್ಕೆ ವಿಶೇಷವಾದ ಮಾತೊಂದಿದೆ. ಎದೆಗೆ ಯಂತ್ರ ಹಚ್ಚಿ ಹೃದಯದ ಸ್ಥಿತಿ ತಿಳಿಯಬಹುದು. ಮನಸ್ಸಿನ ಸ್ಥಿತಿ ತಿಳಿಯಲು ರೋಗಿ ಬಾಯಿಬಿಡಬೇಕು. ಖಾನಾಪುರದಲ್ಲಿ ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ, ಸಂತೆಯಲ್ಲಿ ಕನ್ನಡ, ಕೆಲಸದಲ್ಲಿ ಹಿಂದಿ ಆಡುವವರಿದ್ದಾರೆ. ಸಂಕಟ ಮಾತ್ರ ಒಂದೇ ಭಾಷೆಯಲ್ಲಿ ಬರುತ್ತದೆ, ಮನೆಯದರಲ್ಲಿ. ಭಾಷೆಯ ಹೆಸರಿನಲ್ಲಿ ದಶಕಗಟ್ಟಲೆ ಜಗಳವಾಡಿದ ಈ ಜಿಲ್ಲೆಯಲ್ಲಿ ಮನೋರೋಗದ ಕ್ಲಿನಿಕ್ಕಿಗೆ ಈ ಭಾಷೆಗಳನ್ನೆಲ್ಲ ಬಲ್ಲ ಆಪ್ತಸಮಾಲೋಚಕರು ಬೇಕೆಂದು ಒಬ್ಬರೂ ಧರಣಿ ಕೂತಂತಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಎಲ್ಲ ಭಾಷೆಯ ಬೈಗುಳ ಒಟ್ಟಿಗೇ ಕೇಳುತ್ತದೆ. ಎಲ್ಲ ಭಾಷೆಯ ಗೆಳೆಯರೂ ಅಲ್ಲಿ ಸಿಗುತ್ತಾರೆ.

ಹೀಗಾಗಿ ನನ್ನ ತೀರ್ಮಾನ ಇಷ್ಟು. ನಾರ್ವಿಚ್ ಚಿತ್ರ ಒಳ್ಳೆಯ ಮುನ್ನುಡಿ, ಅಪೂರ್ಣ ಪುಸ್ತಕ. ಮಂಗಳವಾರದ ಕ್ಲಿನಿಕ್ ಒಳ್ಳೆಯ ಯೋಜನೆ, ಬಿಟ್ಟುಹೋದವರನ್ನು ಹುಡುಕಲು ಕಲಿಯದ ಯೋಜನೆ. ತಪ್ಪಿಸಿಕೊಂಡ ಪ್ರತಿ ರೋಗಿಗೆ ವಾರದೊಳಗೆ ಒಂದು ಫೋನು, ಫೋನು ಹತ್ತದ ಊರಿಗೆ ಆಶಾ ಕಾರ್ಯಕರ್ತೆಯ ಮೂಲಕ ಒಂದು ಮಾತು: ಇಷ್ಟನ್ನು ಆರೋಗ್ಯ ಇಲಾಖೆ ಮಾಡಬೇಕು. ಕ್ಲಬ್ಬುಗಳು ಜಾಗೃತಿಯ ಬ್ಯಾನರ್ ಕಟ್ಟುವುದಕ್ಕಿಂತ, ಪ್ರತಿ ತಂಡದಲ್ಲಿ ಒಬ್ಬರಿಗೆ ಕ್ಲಿನಿಕ್ಕಿನ ದಿನ, ವೇಳೆ, ದಾರಿ ಗೊತ್ತಿರುವಂತೆ ನೋಡಿಕೊಳ್ಳಲಿ.

ಗೆಳೆಯ “ಜ್ವರ” ಎಂದಾಗ ನೀವು ಹೇಳಬೇಕಾದ ಮುಂದಿನ ಮಾತು “ಧೈರ್ಯವಾಗಿರು” ಎಂಬುದಲ್ಲ. “ಮಂಗಳವಾರ ಗಾಡಿ ತರ್ತೀನಿ, ಕೂಡೇ ಹೋಗೂಣು” ಎನ್ನಿ. ಮುಂದಿನ ಮಂಗಳವಾರವೂ ಹೋಗಿ. ಅಲ್ಲಿಯವರೆಗೆ ಕಾಯಲಾಗದ ರಾತ್ರಿ ಬಂದರೆ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲಿರುಳೂ ಕೆಲಸ ಮಾಡುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.