ಸಿನ್ಸಿನಾಟಿಯ ಪ್ರಣಾಳಿಕೆ

ಅಮೆರಿಕದ ಅಂತರ್ಯುದ್ಧವು ಮುಗಿದ ಏಳು ವರ್ಷಗಳಿಗೆ, 1872ರ ಮೇ ತಿಂಗಳ ಮೊದಲಲ್ಲಿ, ಸಿನ್ಸಿನಾಟಿ ನಗರದಲ್ಲಿ ನೆರೆದ ಲಿಬರಲ್ ರಿಪಬ್ಲಿಕನ್ ಮಹಾಸಭೆಯು ಅಂಗೀಕರಿಸಿದ ಪ್ರಣಾಳಿಕೆಯಲ್ಲಿ ಓದುಗನ ಮನಸ್ಸನ್ನು ಮೊದಲು ಸೆಳೆಯುವುದು ಅದರ ಧರ್ಮಕ್ರೋಧ. ಅಧ್ಯಕ್ಷ ಗ್ರಾಂಟನ ಆಳ್ವಿಕೆಯಲ್ಲಿ ಸರ್ಕಾರಿ ಹುದ್ದೆಗಳು ಪಕ್ಷದ ಕಟ್ಟಾಳುಗಳಿಗೆ ಸಲ್ಲುವ ಉಂಬಳಿಗಳಾಗಿದ್ದುದು ಸುಳ್ಳಲ್ಲವಾದುದರಿಂದ, ಅದನ್ನು ಪ್ರತಿಭಟಿಸಿ ಆತನ ರಿಪಬ್ಲಿಕನ್ ಪಕ್ಷದಿಂದ ಸಿಡಿದು ಈ ಹೊಸ ಪಕ್ಷವನ್ನು ಕಟ್ಟಿದ ಮಿಸೌರಿಯ ಸೆನೆಟರ್ ಕಾರ್ಲ್ ಶುರ್ಜ್ ಮೊದಲಾದವರು ಮುಂದಿಟ್ಟ, ಹುದ್ದೆಗಳು ಅರ್ಹತೆಗೇ ಸಲ್ಲಬೇಕೆಂಬ ಬೇಡಿಕೆಯು, ಪಕ್ಷವೇ ಅಳಿದ ಎಷ್ಟೋ ಕಾಲದ ತರುವಾಯ, 1883ರಲ್ಲಿ ಶಾಸನರೂಪವನ್ನು ತಳೆದುದು ನ್ಯಾಯವೇ ಸರಿ.

ಆದರೆ ಪ್ರಣಾಳಿಕೆಯ ಜೀವಾಳವು ಅಲ್ಲಿಲ್ಲ. ಕಾನೂನಿನ ಮುಂದೆ ಸರ್ವರೂ ಸಮಾನರೆಂದು ಮೊದಲು ಸಾರುವ ಅದೇ ಲೇಖನಿಯು, ಅಂತರ್ಯುದ್ಧದಲ್ಲಿ ದಂಗೆಯೆದ್ದ ದಕ್ಷಿಣದವರ ರಾಜಕೀಯ ಅನರ್ಹತೆಗಳನ್ನೆಲ್ಲ ಕೂಡಲೇ ತೊಡೆದುಹಾಕಬೇಕೆಂದೂ (ಇದನ್ನು ಕಾಂಗ್ರೆಸ್ಸು ಅದೇ ತಿಂಗಳು ಬಹುಮಟ್ಟಿಗೆ ನೆರವೇರಿಸಿಯೇಬಿಟ್ಟಿತು), ಪ್ರಜೆಗಳ ಹಕ್ಕುಗಳನ್ನು ಕೇಂದ್ರಶಕ್ತಿಗಿಂತ ಸ್ಥಳೀಯ ಸ್ವಯಮಾಡಳಿತವೇ ಭದ್ರವಾಗಿ ಕಾಯುವುದೆಂದೂ ಬರೆಯುತ್ತದೆ. ಪರದಾಸ್ಯವನ್ನು ಕಂಡ ನಮ್ಮ ಕಿವಿಗೆ ಸ್ವಯಮಾಡಳಿತವೆಂಬ ಶಬ್ದವು ಇಂಪೇ. ಆದರೆ ಹಿಂದಿನ ವರ್ಷವಷ್ಟೇ ದಕ್ಷಿಣ ಕೆರೊಲೈನಾದ ಒಂಬತ್ತು ಜಿಲ್ಲೆಗಳಲ್ಲಿ ಕೂ ಕ್ಲಕ್ಸ್ ಕ್ಲಾನ್ ಎಂಬ ಮುಸುಕಿನ ಪಡೆಯ ಹಿಂಸೆಯನ್ನಡಗಿಸಲು ಹೇಬಿಯಸ್ ಕಾರ್ಪಸ್ಸನ್ನೇ ತಡೆಹಿಡಿದು ಕೇಂದ್ರದ ಸೈನಿಕರು ಇಳಿಯಬೇಕಾಗಿದ್ದಿತೆಂಬುದನ್ನು ನೆನೆದರೆ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಹತ್ತು ವರ್ಷವೂ ತುಂಬದ ಕರಿಯ ಜನರಿಗೆ ಆ ಶಬ್ದವು ಹೇಗೆ ಕೇಳಿಸಿರಬೇಕೆಂಬುದು ಹೊಳೆಯದಿರದು. ಆ ಜನರ ನಾಯಕನಾದ ಫ್ರೆಡರಿಕ್ ಡಗ್ಲಸನು ಗ್ರಾಂಟನ ಪಕ್ಷವನ್ನು ಬಿಟ್ಟು ಕದಲಲಿಲ್ಲ. ಜೀವಮಾನವೆಲ್ಲ ಆ ಜನಕ್ಕಾಗಿ ಹೋರಾಡಿದ ಚಾರ್ಲ್ಸ್ ಸಮ್ನರನು ಮಾತ್ರ ಗ್ರಾಂಟನ ವಿರೋಧಿಗಳಿಗೇ ಮತ ಕೊಡಿರೆಂದು ಅವರಿಗೆ ಬುದ್ಧಿ ಹೇಳಿದನು. ಆತನ ಮೇಲಿನ ಮುನಿಸು ವಿವೇಕವನ್ನು ಮೀರಿತೆಂದು ತೋರುತ್ತದೆ.

ಸುಂಕದ ಪ್ರಶ್ನೆಯನ್ನು ಮತದಾರರ ತಲೆಗೆ ಕಟ್ಟಿ ಜಾರಿಕೊಂಡ ಜಾಣತನವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮುಕ್ತ ವಾಣಿಜ್ಯದ ಪ್ರತಿಪಾದಕರು ಅನೇಕರಿದ್ದ ಆ ಸಭೆಯು ಆರನೆಯ ಸುತ್ತಿನಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿ ಆರಿಸಿದುದು ರಕ್ಷಣಾಸುಂಕದ ಪರಮಭಕ್ತನಾದ ಪತ್ರಿಕಾಕರ್ತ ಹೊರೇಸ್ ಗ್ರೀಲಿಯನ್ನು! ಜುಲೈಯಲ್ಲಿ ಡೆಮಾಕ್ರಟರೂ, ಮೂವತ್ತು ವರ್ಷ ತಮ್ಮನ್ನು ಹಳಿದ ಆತನನ್ನೇ ಪಲ್ಲಕ್ಕಿಗೇರಿಸಿದರು. ಪಕ್ಷವು ಕೆಟ್ಟುದು ಈ ಆಯ್ಕೆಯಿಂದಲೇ ಎಂಬ ವಾಡಿಕೆಯ ಮಾತನ್ನು ನಾನು ಒಪ್ಪಲಾರೆ. ಚುನಾವಣೆಯಲ್ಲಿ ಗ್ರೀಲಿಯು ಗೆದ್ದ ಆರು ಸಂಸ್ಥಾನಗಳೂ ಯುದ್ಧಪೂರ್ವದಲ್ಲಿ ಗುಲಾಮಗಿರಿಯನ್ನು ನಡೆಸುತ್ತಿದ್ದವುಗಳೇ. ಪ್ರಣಾಳಿಕೆಯ ಯಾವ ವಾಕ್ಯವನ್ನು ಅಲ್ಲಿನ ಮತದಾರರು ನಿಜವೆಂದು ಓದಿದರೆಂಬುದಕ್ಕೆ ಬೇರೆ ಸಾಕ್ಷಿ ಏತಕ್ಕೆ?

ಗ್ರಾಂಟನಿಗೆ 286 ನಿರ್ವಾಚಕ ಮತಗಳು ಬಂದವು. ಗ್ರೀಲಿಯು ಅವುಗಳ ಚಲಾವಣೆಗೆ ಮುನ್ನವೇ, ನವೆಂಬರ್ 29ರಂದು, ತೀರಿಕೊಂಡನು. ಜಾರ್ಜಿಯಾದ ಮೂವರು ನಿರ್ವಾಚಕರು ಆ ಮೃತನಿಗೇ ಕೊಟ್ಟ ಮತಗಳನ್ನು ಕಾಂಗ್ರೆಸ್ಸು ಎಣಿಕೆಗೆ ಸೇರಿಸಲಿಲ್ಲ.