ಕೂದಲ ಹಗ್ಗ ಹೊತ್ತ ಭಾರ

ಕಾರುಗಳ ಉಕ್ಕಿನ ಬಂಪರುಗಳು ಗೋಡೆಯ ಮೇಲೆ ತೂಗುತ್ತಿವೆ. ಅವನ್ನು ಹಿಡಿದಿರುವುದು ಮನುಷ್ಯರ ಕೂದಲಿನಿಂದ ಹೊಸೆದ, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಗ್ಗ. ಕಲಾವಿದೆ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಈ ಕೃತಿ 2009ರಲ್ಲಿ ವೆನಿಸ್ ಬಿನಾಲೆಯಲ್ಲಿತ್ತು. ದೃಷ್ಟಿ ತಾಗದಿರಲೆಂದು ಬೆಂಗಳೂರಿನ ವಾಹನಗಳಿಗೆ ಕಟ್ಟುವ ಹಗ್ಗವೇ ಇದು. ಕೂದಲಿನ ಹಿಂದಿರುವ ಮುಡಿ ಕೊಡುವ ಹರಕೆಯ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇಲ್ಲಿ ಒಂದು ಸಂಗತಿ ತಟ್ಟನೆ ಅರಿವಾಗುತ್ತದೆ: ಇಷ್ಟು ಹಗುರವಾದದ್ದು ಅಷ್ಟು ಭಾರವನ್ನು ಹೊತ್ತಿದೆ.

ಅವರ ದಶಕಗಳ ಕೆಲಸವನ್ನು ಒಟ್ಟಿಗೆ ತೋರಿಸುವಾಗ, ಹಿನ್ನೆಲೆ ಗೊತ್ತಿಲ್ಲದವರನ್ನೂ ತಟ್ಟುವ ಈ ಗುಣಕ್ಕೇ ಪರೀಕ್ಷೆ. 2019ರಲ್ಲಿ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕಾದಲ್ಲಿ ‘ರಿಮೇನ್ಸ್’ ಎಂಬ ಹೆಸರಿನಲ್ಲಿ ಅಂಥ ಪ್ರದರ್ಶನ ನಡೆಯಿತು. ಮರುವರ್ಷ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್‌ನಲ್ಲಿ ಇನ್ನೊಂದು. ಅವರು ಬಳಸುವ ಸಗಣಿ, ಕುಂಕುಮ, ಧೂಪದ ಬೂದಿ ಯುರೋಪಿನ ಸಭಾಂಗಣಕ್ಕೆ ಹೋದಾಗ ‘ಭಾರತದ ಪರಿಮಳ’ವಾಗಿ ಮಾರಾಟವಾಗುವ ಅಪಾಯ ನಿಜಕ್ಕೂ ಇದೆ.

ಆ ಅಪಾಯದಿಂದ ಅವರನ್ನು ಕಾಪಾಡುವುದು ದುಡಿಮೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತ ಚಿತ್ರಕಲಾವಿದೆ. ಬಾಬರಿ ಮಸೀದಿ ಧ್ವಂಸದ ನಂತರದ ಹಿಂಸೆಯ ದಿನಗಳಲ್ಲಿ ಅವರು ಸಗಣಿಯತ್ತ ತಿರುಗಿದರು. ಹೆಂಗಸರು ದಿನವೂ ಬಾಚಿ, ತಟ್ಟಿ, ಬೆರಣಿ ಮಾಡುವ ವಸ್ತು ಅದು. ಅದೇ ಹೊತ್ತಿಗೆ ಪವಿತ್ರವೆಂಬ ರಾಜಕೀಯದ ಹೊರೆ ಹೊತ್ತದ್ದೂ ಹೌದು.

1998ರಲ್ಲಿ ಮೊದಲು ಮಾಡಿದ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ. ನೂರಾರು ಅಡಿ ದಾರವನ್ನು ಸೂಜಿಯ ಕಣ್ಣಿನಿಂದ ಎಳೆದು, ಅಂಥ ಎಷ್ಟೋ ಎಳೆಗಳನ್ನು ಕುಂಕುಮ ಮತ್ತು ಗೋಂದು ಹಚ್ಚಿ ಒಂದೇ ಹುರಿಯಾಗಿ ಕೂಡಿಸಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ಗಾಳಿಯಲ್ಲಿ ಎಳೆದ ಕೆಂಪು ಗೆರೆ. ಹತ್ತಿರ ಹೋದರೆ ಚುಚ್ಚುವ ಲೋಹ. ಪ್ರತಿ ಸಭಾಂಗಣದಲ್ಲೂ ಅದನ್ನು ಹೊಸದಾಗಿಯೇ ಹಾಯಿಸಬೇಕು. ಹಳೆಯ ಕೃತಿಯೊಂದು ಹೀಗೆ ಮತ್ತೆ ಮತ್ತೆ ನಿರ್ಧಾರವನ್ನು ಕೇಳುವುದರಿಂದಲೇ ಸಿಂಹಾವಲೋಕನದಲ್ಲೂ ಅದು ಸ್ಮಾರಕವಾಗುವುದಿಲ್ಲ.

ಎಲ್ಲ ಕೃತಿಗಳಿಗೂ ಈ ಬಲವಿಲ್ಲ. ಒರಟಾಗಿ ಕೆತ್ತಿದ ಸಾವಿರಾರು ಪುಟ್ಟ ಮರದ ಬೊಂಬೆಗಳ ‘ಆಫ್ ಆಲ್ ಪೀಪಲ್’ನಲ್ಲಿ (2011) ಸಂಖ್ಯೆಯೇ ಅರ್ಥದ ಕೆಲಸವನ್ನು ವಹಿಸಿಕೊಂಡಂತಿದೆ. ಡಾಂಬರು ಡ್ರಮ್ಮುಗಳಿಂದ ಕಟ್ಟಿದ ‘ಡಾರ್ಕ್‌ರೂಮ್’ (2006) ಹಾಗಲ್ಲ. ರಸ್ತೆ ಹಾಕುವವರು ವಾಸಿಸುವಂಥ ಆ ತಗಡಿನ ಗೂಡಿಗೆ ನೋಡುಗರು ಬಗ್ಗಿ ನುಸುಳಬೇಕು. ಸೂರಿನ ತೂತುಗಳಿಂದ ಬೀಳುವ ಬೆಳಕು ನಕ್ಷತ್ರಗಳಂತೆ ಕಂಡರೂ ಇಕ್ಕಟ್ಟು ಮರೆಯುವುದಿಲ್ಲ. ಆ ಇಕ್ಕಟ್ಟನ್ನು ಸಡಿಲಿಸಲು ಕಲಾವಿದೆ ಒಪ್ಪಿಲ್ಲ, ಮತ್ತು ಅದು ಸರಿಯಾದ ಹಟ.