ತಣ್ಣೀರು ಕೆರಳಿಸುವ ಹಸಿವು

ಈಜಿ ಬಂದವರಿಗೆ ಹೊಟ್ಟೆ ಚುರುಗುಟ್ಟುವುದು ಹೊಸ ಸಂಗತಿಯಲ್ಲ. ಆ ಹಸಿವನ್ನು ಅಳೆಯಹೊರಟವರು ಫ್ಲಾರಿಡಾ ವಿಶ್ವವಿದ್ಯಾಲಯದ ಲೆಸ್ಲಿ ವೈಟ್ ಮತ್ತು ಸಂಗಡಿಗರು. 2005ರಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ‘ತಣ್ಣೀರಲ್ಲಿ ಈಜಿದರೆ ತೂಕ ಇಳಿಯದು’ ಎನ್ನುವವರು ಸಾಕ್ಷಿಗೆ ಎಳೆದು ತರುತ್ತಾರೆ. ಪ್ರಯೋಗ ಅಚ್ಚುಕಟ್ಟಾಗಿಯೇ ಇದೆ. ಅದು ಹೇಳದ್ದನ್ನು ಅದರ ಬಾಯಿಗೆ ತುರುಕುವುದೇ ತಕರಾರು.

ಹನ್ನೊಂದು ಮಂದಿ ಗಂಡಸರು 20 ಡಿಗ್ರಿ ನೀರಿನಲ್ಲಿ ಮುಳುಗಿ ಕೂತು 45 ನಿಮಿಷ ಸೈಕಲ್ ತುಳಿದರು. ಬೇರೊಂದು ಸಲ 33 ಡಿಗ್ರಿ ನೀರಿನಲ್ಲಿ. ಇನ್ನೊಂದು ಸಲ ಸುಮ್ಮನೆ ವಿಶ್ರಾಂತಿ. ಪ್ರತಿ ಸಲವೂ ಆಮೇಲೆ ಒಂದು ಗಂಟೆ, ಇಟ್ಟ ತಿಂಡಿಗಳಲ್ಲಿ ಬೇಕಾದ್ದನ್ನು ಬೇಕಾದಷ್ಟು ತಿನ್ನಬಹುದಿತ್ತು. ತಣ್ಣೀರಲ್ಲಿ ಖರ್ಚಾದದ್ದು ಸರಾಸರಿ 505 ಕ್ಯಾಲೊರಿ, ಬೆಚ್ಚನೆಯ ನೀರಲ್ಲಿ 517. ಹೆಚ್ಚುಕಡಿಮೆ ಒಂದೇ. ಆದರೆ ತಿಂದದ್ದು ನೋಡಿ: ತಣ್ಣೀರಿನ ನಂತರ 877, ಬೆಚ್ಚನೆಯ ನೀರಿನ ನಂತರ 608, ವಿಶ್ರಾಂತಿಯ ನಂತರ 618. ದುಡಿಮೆ ಅಷ್ಟೇ ಇದ್ದೂ ಹಸಿವು ಹೆಚ್ಚಿತೆಂದ ಮೇಲೆ ಅದು ಚಳಿಯ ಕೆಲಸ. ಇದನ್ನು ಬಿಡಿಸಿ ತೋರಿಸಿದ್ದೇ ಪ್ರಯೋಗದ ಹೆಗ್ಗಳಿಕೆ.

ಇನ್ನು ಕಳೆಯುವ ಲೆಕ್ಕ. ಸುಮ್ಮನೆ ಕೂತಾಗಲೂ ಮೈ 123 ಕ್ಯಾಲೊರಿ ಸುಟ್ಟಿತ್ತು. ತಿಂದದ್ದರಲ್ಲಿ ಅದನ್ನು ಕಳೆದರೆ 495 ಉಳಿಯಿತು. ತಣ್ಣೀರಲ್ಲಿ ತುಳಿದಾಗ ಉಳಿದದ್ದು 372. ಅಷ್ಟೊಂದು ತಿಂದೂ ಕೂತವನಿಗಿಂತ ಮೇಲು! ಬೆಚ್ಚನೆಯ ನೀರಲ್ಲಿ ಬರೀ 91 ಎಂಬುದೂ ನಿಜವೇ. ಜೊತೆಗೆ, 877ರ ಸರಾಸರಿಯ ಸುತ್ತ 457ರಷ್ಟು ಏರಿಳಿತವಿತ್ತು. ಒಬ್ಬ ಬಕಾಸುರನಾದರೆ ಇನ್ನೊಬ್ಬ ತಿಂದದ್ದು ಅಷ್ಟಕ್ಕಷ್ಟೇ ಇರಬೇಕು. ಹೆಂಗಸರನ್ನು ಸೇರಿಸಲೇ ಇಲ್ಲ.

ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಇದಕ್ಕೊಂದು ತೊಡಕು ಹಾಕಿದರು. ಓಡಿ ಬಂದವರನ್ನು ನೀರಿಗಿಳಿಸಿದಾಗ, ನೀರು 15 ಡಿಗ್ರಿಯಿದ್ದರೂ 33 ಇದ್ದರೂ, ನೀರಿಗಿಳಿಯದೆ ಸುಮ್ಮನೆ ಕೂತಾಗ ತಿಂದದ್ದಕ್ಕಿಂತ ಅವರು ಹೆಚ್ಚೇ ತಿಂದರು. ಹಾಗಾದರೆ ತಪ್ಪೆಲ್ಲ ಚಳಿಯದೇ?

ಗಾಳಿಯ ಚಳಿಯಂತೂ ಬೇರೆಯೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಸಾಗಿಸುತ್ತದೆ. ಡಿಸೆಂಬರಿನಲ್ಲಿ ಸ್ವೆಟರ್, ಮಫ್ಲರ್ ಸುತ್ತಿಕೊಂಡು ಲಾಲ್‌ಬಾಗ್ ಸುತ್ತಿ, ಎರಡು ಮಸಾಲೆ ದೋಸೆ ಇಳಿಸುವವರು ಫ್ಲಾರಿಡಾದ ಈ ಪ್ರಯೋಗವನ್ನು ನೆಪಮಾಡುವಂತಿಲ್ಲ.

ಒಂದು ಗಂಟೆಯ ತಿಂಡಿಯನ್ನು ಇದು ಚೆನ್ನಾಗಿ ಅಳೆದಿದೆ. ತಿಂಗಳುಗಟ್ಟಲೆ ಈಜುವವರ ತೂಕದ ಬಗ್ಗೆ ತೀರ್ಪು ಕೊಡುವ ಅಧಿಕಾರ ಇದಕ್ಕಿಲ್ಲ. ಇದನ್ನು ಓದಿ ಯಾರೂ ಈಜು ಬಿಡಬೇಡಿ.